ಒಂಬತ್ತು ಸೀರೆಗಳ ಲೆಕ್ಕ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. 2025ರ ಆಗಸ್ಟ್ 4, ಸೋಮವಾರ. ಆಷಾಢದ ರಿಯಾಯಿತಿಯಲ್ಲಿ ಹಳೆಯ ಮಾಲು ಕರಗಿಸಿ, ಕಂಚಿ, ಧರ್ಮಾವರ, ಮೊಳಕಾಲ್ಮೂರುಗಳಿಂದ ಹೊಸ ಮಾಲು ತಂದು ಕಪಾಟು ತುಂಬಿಸಿದ್ದೆವು. ಸೀರೆ ಅಂಗಡಿಯವರು ವರ್ಷವಿಡೀ ಕಾಯುವುದು ಈ ವಾರಕ್ಕೆ, ಆಮೇಲೆ ದೀಪಾವಳಿಗೆ, ಆಮೇಲೆ ಮದುವೆಯ ಮುಹೂರ್ತಗಳಿಗೆ. ಆ ಸೋಮವಾರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ರೇಷ್ಮೆಯ ಕಪಾಟಿನಲ್ಲಿ ಒಂಬತ್ತು ಸೀರೆ ಕಡಿಮೆಯಿದ್ದವು.

ನಮ್ಮದು ಜಿಲ್ಲಾ ಕೇಂದ್ರವೊಂದರ ಪೇಟೆ ಬೀದಿಯಲ್ಲಿರುವ ಅಂಗಡಿ. ಅಪ್ಪ ಹಾಕಿದ್ದು. ಕೆಳಗೆ ಕಾಟನ್ ಮತ್ತು ದಿನಬಳಕೆಯ ಸೀರೆ, ಮಹಡಿಯಲ್ಲಿ ರೇಷ್ಮೆಯ ಗಾದಿ. ಗಲ್ಲಾದಲ್ಲಿ ನನ್ನ ಹೆಂಡತಿ ಕೂರುತ್ತಾಳೆ. ಸೀರೆ ತೋರಿಸಲು ಮೂವರು ಹೆಣ್ಣುಮಕ್ಕಳು, ಮಾಲು ಏರಿಸಿ ಇಳಿಸಲು ಒಬ್ಬ ಹುಡುಗ. ಅಂಗಡಿ ದೊಡ್ಡದೇನಲ್ಲ. ಒಂಬತ್ತು ಸೀರೆ ಹೋದರೆ ಆ ತಿಂಗಳ ಲಾಭ ಹೋದಂತೆಯೇ.

ಸಂಜೆ ಎಂಟರ ನಂತರ ಬಿಚ್ಚಿದ ಸೀರೆಗಳನ್ನು ಮಡಚಿ ಬೆಲೆಯ ಪ್ರಕಾರ ಜೋಡಿಸುವುದು ನಿತ್ಯದ ಕೆಲಸ. ರೇಷ್ಮೆಯ ಗಾದಿ ನೋಡಿಕೊಳ್ಳುವ ಹುಡುಗಿ ನಮ್ಮಲ್ಲಿ ಆರು ವರ್ಷದಿಂದ ಇದ್ದಾಳೆ. ಒಮ್ಮೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಮೂರನೆಯ ಸಲ ಎಣಿಸುವಾಗ ಅವಳ ಕೈ ನಡುಗುತ್ತಿತ್ತು. "ಅಣ್ಣ, ಲೆಕ್ಕ ಸಿಗುತ್ತಿಲ್ಲ" ಎಂದಳು. ನಾನು ಮಹಡಿ ಹತ್ತಿ ಹೋದೆ. ಬಿಲ್ ಪುಸ್ತಕದ ಜೊತೆ ತಾಳೆ ನೋಡಿದೆವು. ಮಾರಿದ್ದು ಹದಿನಾಲ್ಕು, ಕಪಾಟಿನಿಂದ ಹೋದದ್ದು ಇಪ್ಪತ್ತಮೂರು.

ಆಗ ನಾನು ಕೇಳಿದ ಮಾತು ಇದು: "ಬೆಳಗ್ಗೆ ಜೋಡಿಸಿದ್ದು ನೀನೇ ತಾನೆ?"

ಪ್ರಶ್ನೆಯಲ್ಲಿ ತಪ್ಪು ಶಬ್ದ ಒಂದೂ ಇಲ್ಲ. ಆದರೆ ಧ್ವನಿ ಇತ್ತಲ್ಲ, ಅದು ಅವಳಿಗೆ ಮುಟ್ಟಿತು. ಏನೂ ಹೇಳದೆ ಮೂಲೆಯಲ್ಲಿದ್ದ ತನ್ನ ಬ್ಯಾಗ್ ತಂದು ಗಾದಿಯ ಬಿಳಿ ಹಾಸಿನ ಮೇಲೆ ತಲೆಕೆಳಗಾಗಿ ಸುರಿದಳು. ಊಟದ ಡಬ್ಬಿ, ಮಡಚುವ ಛತ್ರಿ, ತಲೆನೋವಿನ ಮಾತ್ರೆಯ ಹಾಳೆ, ಒಂದು ಬಾಚಣಿಗೆ, ಆಧಾರ್ ಕಾರ್ಡಿನ ಜೆರಾಕ್ಸ್. ನಾವು ಯಾರೂ ಬ್ಯಾಗ್ ತೋರಿಸು ಎಂದಿರಲಿಲ್ಲ. ಉಳಿದ ಇಬ್ಬರು ಹುಡುಗಿಯರು ಗೋಡೆಯ ಕಡೆ ನೋಡುತ್ತಾ ನಿಂತರು. ನನ್ನ ಹೆಂಡತಿ ಬಂದು ಒಂದೊಂದನ್ನೇ ಎತ್ತಿ ಬ್ಯಾಗಿಗೆ ಹಾಕಿ, "ಮನೆಗೆ ಹೋಗಮ್ಮ, ಬಸ್ಸು ತಪ್ಪುತ್ತದೆ" ಎಂದು ಕಳಿಸಿದಳು.

ಕಳ್ಳತನವಾದಾಗ ಅಂಗಡಿಯವನು ಮಾಡುವ ಮೊದಲ ತಪ್ಪು ಇದೇ. ಕೈಗೆ ಹತ್ತಿರ ಇರುವವರ ಮೇಲೆ ಕಣ್ಣು ಹೋಗುತ್ತದೆ. ಗುಂಪಾಗಿ ಬಂದವರು ಆ ಹೊತ್ತಿಗೆ ಮೂರು ತಾಲ್ಲೂಕು ದಾಟಿರುತ್ತಾರೆ.

ರಾತ್ರಿ ಹನ್ನೆರಡರವರೆಗೆ ನಾವಿಬ್ಬರೂ ಕೂತು ಕ್ಯಾಮೆರಾದ ದೃಶ್ಯ ನೋಡಿದೆವು. ಮಧ್ಯಾಹ್ನ ಎರಡೂವರೆಯ ಹೊತ್ತು, ಇಬ್ಬರು ಹುಡುಗಿಯರು ಊಟಕ್ಕೆ ಹೋಗಿದ್ದರು. ಐವರು ಹೆಂಗಸರು, ಒಬ್ಬಳ ಕಂಕುಳಲ್ಲಿ ಮಗು. ಒಟ್ಟಿಗೆ ಬರಲಿಲ್ಲ. ಮೊದಲು ಇಬ್ಬರು, ಐದು ನಿಮಿಷ ಬಿಟ್ಟು ಇಬ್ಬರು, ಕೊನೆಗೆ ಮಗುವಿನವಳು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದಂತೆ ಗಾದಿಯ ಎರಡು ತುದಿಯಲ್ಲಿ ಕೂತರು. ಒಬ್ಬಳು ಮದುವೆಯ ಸೀರೆ ಕೇಳಿದಳು. ಇದರ ಅಂಚು ದೊಡ್ಡದಾಯಿತು, ಅದರ ಒಡಲಿನ ಬಣ್ಣ ಸರಿಯಿಲ್ಲ, ಆ ಮೇಲಿನದು ತೆಗೆಯಿರಿ ಎನ್ನುತ್ತಾ ಹೋದಳು. ಇಪ್ಪತ್ತು ನಿಮಿಷದಲ್ಲಿ ಗಾದಿಯ ಮೇಲೆ ನಲವತ್ತು ಸೀರೆ ಬಿಚ್ಚಿಕೊಂಡು ಬಿದ್ದಿದ್ದವು. ಮಗುವಿನವಳು ನೀರು ಕೇಳಿದಳು. ನಮ್ಮ ಹುಡುಗಿ ನೀರು ತರಲು ತಿರುಗಿದಳು. ಆಗ ನಡುವಿನವಳು ಎದ್ದು ನಿಂತು, ಒಂದು ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುವವಳಂತೆ ಎರಡೂ ಕೈ ಅಗಲಿಸಿ ಹರಡಿದಳು. ಪರದೆ ಕಟ್ಟಿದಂತಾಯಿತು. ಪರದೆಯ ಹಿಂದೆ ಕೂತವಳ ಮೊಣಕಾಲು ಸ್ವಲ್ಪ ಎದ್ದಿತು, ಇಳಿಯಿತು. ಅಷ್ಟೇ. ಹನ್ನೊಂದು ಸೆಕೆಂಡು. ಉಟ್ಟ ಸೀರೆಯ ಒಳಗೆ, ಲಂಗಕ್ಕೆ ಹೊಲಿಸಿಕೊಂಡ ದೊಡ್ಡ ಚೀಲ ಇರುತ್ತದಂತೆ. ಮಡಚಿದ ರೇಷ್ಮೆ ಸೀರೆ ನಾಲ್ಕೈದು ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ.

ಇಂಥ ಪರದೆ ಎರಡು ಸಲ ಎದ್ದಿತು. ಆಮೇಲೆ ಒಬ್ಬಳು ಕೆಳಗಿಳಿದು ಇನ್ನೂರ ಎಂಬತ್ತು ರೂಪಾಯಿಯ ಒಂದು ಲಂಗ ಕೊಂಡು ಬಿಲ್ ಮಾಡಿಸಿದಳು. ನನ್ನ ಹೆಂಡತಿ ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದಳು. ಆ ದೃಶ್ಯ ಬಂದಾಗ ಹೆಂಡತಿ ಎದ್ದು ಒಳಗೆ ಹೋದಳು.

ಮಾರನೆಯ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಎಲ್ಲರೂ ಇರುವಾಗಲೇ ಆ ಹುಡುಗಿಯ ಕ್ಷಮೆ ಕೇಳಿದೆ. ಎಲ್ಲರ ಎದುರು ಸಂಶಯಪಟ್ಟಿದ್ದೆ, ಕ್ಷಮೆ ಒಳಗಿನ ಕೋಣೆಯಲ್ಲಿ ಕೇಳಿದರೆ ಸಾಲದು. ಹೋದ ಮಾಲನ್ನು ಸೇಲ್ಸಿನವರ ಸಂಬಳದಲ್ಲಿ ಹಿಡಿಯುವ ಪದ್ಧತಿ ನಮ್ಮ ಬೀದಿಯಲ್ಲಿ ಇಂದಿಗೂ ಇದೆ. ಅಪ್ಪನ ಕಾಲದಲ್ಲಿ ನಮ್ಮಲ್ಲೂ ಇತ್ತು. ತಿಂಗಳಿಗೆ ಹದಿನಾಲ್ಕು ಸಾವಿರ ದುಡಿಯುವ ಹುಡುಗಿಯಿಂದ ಒಂಬತ್ತು ರೇಷ್ಮೆ ಸೀರೆಯ ದುಡ್ಡು ಹಿಡಿದರೆ ಅವಳು ಒಂದು ವರ್ಷ ಬರಿಗೈಯಲ್ಲಿ ದುಡಿಯಬೇಕು. ಹಾಗೆ ಹಿಡಿಯುವುದಿಲ್ಲವೆಂದು ಅವತ್ತೇ ಹೇಳಿದೆ. ಇದರಲ್ಲಿ ದೊಡ್ಡತನವೇನೂ ಇಲ್ಲ. ಸಂಬಳ ಹಿಡಿಯುತ್ತಾರೆಂಬ ಭಯವಿದ್ದರೆ ಕೆಲಸದವರು ಕಳ್ಳತನವಾದದ್ದನ್ನು ಹೇಳುವುದೇ ಇಲ್ಲ, ಲೆಕ್ಕವನ್ನೇ ಮುಚ್ಚಿಡುತ್ತಾರೆ. ನಮಗೆ ಗೊತ್ತಾಗುವುದು ವರ್ಷದ ಕೊನೆಯಲ್ಲಿ.

ಹತ್ತೂವರೆಗೆ ಠಾಣೆಗೆ ಹೋದೆ. ಹೆಸರು ಹೇಳುವುದಿಲ್ಲ, ಆಮೇಲೆ ಅಲ್ಲಿಯವರೇ ಚೆನ್ನಾಗಿ ಕೆಲಸ ಮಾಡಿದರು. ಆದರೆ ಮೊದಲ ದಿನ ಸಿಕ್ಕ ಉತ್ತರ ಎಲ್ಲ ವರ್ತಕರಿಗೂ ಪರಿಚಿತವಾದದ್ದೇ: "ಒಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ಕೊಡುತ್ತೇವೆ, ನೋಡೋಣ." ಅರ್ಜಿಯ ಸ್ವೀಕೃತಿ ಬೇರೆ, ಎಫ್‌ಐಆರ್ ಬೇರೆ. ಸ್ವೀಕೃತಿ ಹಿಡಿದುಕೊಂಡು ಬಂದರೆ ಕಡತ ಅಲ್ಲಿಗೇ ಮಲಗುತ್ತದೆ. ಬೇರೆ ಜಿಲ್ಲೆಯಲ್ಲಿ ಅದೇ ಗುಂಪು ಸಿಕ್ಕಿಬಿದ್ದರೂ ನಮ್ಮ ಸೀರೆ ನಮ್ಮದೆಂದು ಹೇಳಲು ದಾರಿ ಇರುವುದಿಲ್ಲ.

ನಮ್ಮ ಹಳೆಯ ಗಿರಾಕಿಗಳಲ್ಲಿ ಒಬ್ಬರು ವಕೀಲೆ. ಅವರ ಮಗಳ ಮದುವೆಯ ಧಾರೆ ಸೀರೆ ನಮ್ಮಲ್ಲೇ ಹೋದದ್ದು. ಅವರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಅವರು ಹೇಳಿಕೊಟ್ಟದ್ದು ನನಗೆ ಮೂವತ್ತು ವರ್ಷದ ವ್ಯಾಪಾರದಲ್ಲಿ ಗೊತ್ತಿರಲಿಲ್ಲ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೆಯ ಕಲಮಿನಲ್ಲಿ ಸಾದಾ ಕಳ್ಳತನ, ಮೂರು ವರ್ಷದವರೆಗೆ ಶಿಕ್ಷೆ. 305ನೆಯ ಕಲಮಿನಲ್ಲಿ ವಾಸದ ಮನೆಯಿಂದ ಅಥವಾ ಸೊತ್ತು ಇಟ್ಟ ಕಟ್ಟಡದಿಂದ ಮಾಡಿದ ಕಳ್ಳತನ, ಏಳು ವರ್ಷದವರೆಗೆ. ಇವೆರಡೂ ಹಳೆಯ ಕಾನೂನಿನಲ್ಲಿ ಬೇರೆ ಸಂಖ್ಯೆಯಲ್ಲಿ ಇದ್ದವೇ. ಹೊಸದಾಗಿ ಬಂದದ್ದು 112ನೆಯ ಕಲಂ, ಸಣ್ಣ ಪ್ರಮಾಣದ ಸಂಘಟಿತ ಅಪರಾಧ. ಗುಂಪಿನ ಸದಸ್ಯರಾಗಿ ಒಬ್ಬೊಬ್ಬರೇ ಆಗಲಿ ಒಟ್ಟಾಗಿ ಆಗಲಿ ಮಾಡುವ ಕಳ್ಳತನಕ್ಕೆ ಒಂದರಿಂದ ಏಳು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ ಅದು. ಅಲ್ಲಿ ಯಾವ ಯಾವ ಬಗೆಯ ಕಳ್ಳತನ ಎಂದು ವಿವರಿಸುವಾಗ ಕಿಸೆಗಳ್ಳತನದ ಜೊತೆಗೆ ಶಾಪ್‌ಲಿಫ್ಟಿಂಗ್ ಎಂಬ ಶಬ್ದವನ್ನೇ ಬಳಸಿದ್ದಾರೆ. ಪೊಲೀಸರ ತುರ್ತು ಕರೆಯ ಸಂಖ್ಯೆಯೂ 112 ಆದ್ದರಿಂದ ಈ ಕಲಂ ನನ್ನ ನಾಲಗೆಯಲ್ಲಿ ನಿಂತುಹೋಯಿತು.

ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು: "ಮಾಲಿನ ಬೆಲೆಯನ್ನು ಖರೀದಿ ಬಿಲ್ಲಿನ ಸಮೇತ ದೂರಿನಲ್ಲೇ ಬರೆಯಿರಿ." ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವರು ಮಾಲನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕು ಎಂದು ಹೊಸ ಕಾನೂನು ಹೇಳುತ್ತದೆ. ಅದು ನನಗೂ ಸರಿ ಎನಿಸುತ್ತದೆ. ಹಸಿದವನೊಬ್ಬ ಒಂದು ಟವೆಲ್ ಎತ್ತಿಕೊಂಡು ಹೋದರೆ ಅವನನ್ನು ಜೈಲಿಗೆ ಕಳಿಸಿ ಯಾರಿಗೇನು ಸಿಗುತ್ತದೆ? ಆದರೆ ನಮ್ಮ ಒಂಬತ್ತು ಸೀರೆಗಳ ಖರೀದಿ ಬೆಲೆಯೇ 1,42,000 ರೂಪಾಯಿ. ಬೆಲೆ ಬರೆಯದೆ "ಕೆಲವು ಸೀರೆಗಳು" ಎಂದು ಬರೆದಿದ್ದರೆ ದೂರಿಗೆ ಬೆನ್ನೆಲುಬೇ ಇರುತ್ತಿರಲಿಲ್ಲ.

ಹೀಗಾಗಿ ಮಧ್ಯಾಹ್ನವೆಲ್ಲ ಕೂತು ದೂರು ಬರೆದೆವು. ಇಲ್ಲಿ ಹೆಂಡತಿಯ ಒಂದು ಅಭ್ಯಾಸ ನಮ್ಮನ್ನು ಕಾಯಿತು. ಅಂಗಡಿಯವರು ಸೀರೆಯ ಕೊಂಡ ಬೆಲೆಯನ್ನು ಗಿರಾಕಿಗೆ ಗೊತ್ತಾಗದಂತೆ ಗುಟ್ಟಿನ ಅಕ್ಷರಗಳಲ್ಲಿ ಬರೆಯುತ್ತಾರೆ. ಹತ್ತು ಅಂಕಿಗೆ ಹತ್ತು ಅಕ್ಷರ, ಆ ಹತ್ತು ಅಕ್ಷರ ಯಾವುವು ಎನ್ನುವುದು ಆಯಾ ಮನೆಯ ಗುಟ್ಟು. ಎಲ್ಲರೂ ಅದನ್ನು ಚೀಟಿಯ ಮೇಲೆ ಬರೆದರೆ ಅವಳು ಚೀಟಿಯ ಮೇಲೆ ಬರೆದು, ರೇಷ್ಮೆಯಾದರೆ ಸೀರೆಯ ಒಳತುದಿಯ ಮೂಲೆಯಲ್ಲೂ ನೀಲಿ ಪೆನ್ನಿನಿಂದ ಸಾಸಿವೆಯಷ್ಟು ಸಣ್ಣದಾಗಿ ಬರೆಯುತ್ತಾಳೆ. ಉಟ್ಟಾಗ ಸೊಂಟದೊಳಗೆ ಹೋಗುವ ಭಾಗ, ಯಾರಿಗೂ ಕಾಣುವುದಿಲ್ಲ. ಅದೇ ಅಕ್ಷರಗಳನ್ನು ರಿಜಿಸ್ಟರಿನಲ್ಲಿ ಸೀರೆಯ ವಿವರದ ಮುಂದೆ ಇಳಿಸುತ್ತಾಳೆ. ಎಲೆಹಸಿರು ಒಡಲು, ಕುಂಕುಮ ಬಣ್ಣದ ಅಂಚು, ನವಿಲಿನ ಬುಟ್ಟಾ. ಜೇನು ಬಣ್ಣ, ಕಪ್ಪು ಅಂಚು, ಸೆರಗಿನಲ್ಲಿ ತಾವರೆ. ಹೀಗೆ ಒಂಬತ್ತೂ ದೂರಿನಲ್ಲಿ ಅಕ್ಷರಸಮೇತ ಬಂದವು.

ಸಂಜೆ ಮತ್ತೆ ಠಾಣೆಗೆ ಹೋದೆ, ಈ ಸಲ ವಕೀಲೆಯನ್ನು ಕರೆದುಕೊಂಡು ಹೋಗಲಿಲ್ಲ, ಜಗಳಕ್ಕೆ ಹೋದಂತಾಗಬಾರದೆಂದು. ಕಾಗ್ನಿಜಬಲ್ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ತನಿಖೆ, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಲಿಖಿತ ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇದನ್ನೆಲ್ಲ ತಿಳಿದುಕೊಂಡು ಹೋಗಿದ್ದೆ, ಆದರೆ ಬಾಯಿ ಬಿಡುವ ಅಗತ್ಯ ಬೀಳಲಿಲ್ಲ. ನಾಲ್ಕು ಪುಟದ ದೂರು, ಖರೀದಿ ಬಿಲ್ಲುಗಳು, ರಿಜಿಸ್ಟರಿನ ಪ್ರತಿ, ಸೀರೆಗಳ ವಿವರ ನೋಡಿದ ಸಬ್ ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೂರಿಸಿದರು. "ಹೀಗೆ ಬರೆದು ತಂದರೆ ನಮಗೂ ಕೆಲಸ ಮಾಡಲು ಬರುತ್ತದೆ ಸರ್" ಎಂದರು. ರಾತ್ರಿ ಎಂಟಕ್ಕೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಅದು ದೂರುದಾರನಿಗೆ ಉಚಿತವಾಗಿ ಸಿಗಬೇಕಾದ್ದು, ಕೇಳಿ ಪಡೆಯಬೇಕು.

ಕ್ಯಾಮೆರಾದ ವಿಷಯದಲ್ಲಿ ನಾವು ಎಡವಿದೆವು. ಮರುದಿನ ಮಹಜರಿಗೆ ಬಂದವರು ಮೊದಲು ಕೇಳಿದ್ದು, "ಇದರ ಗಡಿಯಾರ ಸರಿಯಿದೆಯೇ?" ಇರಲಿಲ್ಲ. ಹದಿನೇಳು ನಿಮಿಷ ಮುಂದಿತ್ತು. ಲಂಗದ ಬಿಲ್ಲಿನಲ್ಲಿ ಮೂರು ಗಂಟೆ ಎಂಟು ನಿಮಿಷ, ದೃಶ್ಯದಲ್ಲಿ ಮೂರು ಇಪ್ಪತ್ತೈದು. ನಾಳೆ ನ್ಯಾಯಾಲಯದಲ್ಲಿ ಎದುರು ವಕೀಲರು ಹಿಡಿದುಕೊಳ್ಳುವುದು ಇಂಥ ಎಳೆಯನ್ನೇ. ಆ ವ್ಯತ್ಯಾಸವನ್ನು ಮಹಜರಿನಲ್ಲೇ ಬರೆಸಿಕೊಂಡರು. ಗಡಿಯಾರವನ್ನು ಆಗಲೇ ಸರಿಮಾಡಲು ಹೋದ ನಮ್ಮ ಹುಡುಗನನ್ನು ತಡೆದರು. ದೃಶ್ಯದ ಪ್ರತಿಯನ್ನು ಸಾಕ್ಷ್ಯವೆಂದು ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ಯಂತ್ರದ ಹೊಣೆ ಹೊತ್ತ ನಾನು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಆ ಸಂಖ್ಯೆ ಕಡತದ ಬೆರಳಚ್ಚು ಇದ್ದಂತೆ, ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ನಮ್ಮ ಯಂತ್ರದಲ್ಲಿ ಹದಿನೈದು ದಿನವಾದ ಮೇಲೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಎಫ್‌ಐಆರ್ ಆಗಲಿ ಆಮೇಲೆ ನೋಡೋಣ ಎಂದು ಕೂತಿದ್ದರೆ ದೃಶ್ಯ ಅಳಿಸಿಹೋಗುತ್ತಿತ್ತು.

ವಿಮೆಯ ಮಾತನ್ನು ಬೇಗ ಮುಗಿಸುತ್ತೇನೆ. ಪಾಲಿಸಿ ಇತ್ತು, ಪ್ರತಿ ವರ್ಷ ತಪ್ಪದೆ ಕಟ್ಟಿದ್ದೆ. ಓದಿ ನೋಡಿದರೆ ಬೀಗ ಒಡೆದು, ಬಲಪ್ರಯೋಗ ಮಾಡಿ ಒಳನುಗ್ಗಿದರೆ ಮಾತ್ರ ಪರಿಹಾರ. ಹಗಲು ಹೊತ್ತು ತೆರೆದ ಬಾಗಿಲಿನಿಂದ ಗಿರಾಕಿಯಾಗಿ ಬಂದು ಕದ್ದರೆ ಇಲ್ಲ. ಸಾಲದ್ದಕ್ಕೆ ಕಳುವಾದ ಮಾಲಿನ ಮೇಲೆ ನಾವು ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯ ಲಾಭವನ್ನೂ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡದ್ದನ್ನೂ, ಹಿಂದಿರುಗಿಸಬೇಕು. 1,42,000ಕ್ಕೆ ಶೇಕಡಾ 5ರಂತೆ 7,100 ರೂಪಾಯಿ. ಲೆಕ್ಕಪತ್ರ ನೋಡುವವರು ಹೇಳಿದಾಗ ನಂಬಲಾಗಲಿಲ್ಲ, ಆದರೆ ಕಾನೂನು ಹಾಗೆಯೇ ಇದೆ. ಕಟ್ಟಿದೆ.

ಈಗ ನನ್ನನ್ನು ಬಹಳ ದಿನ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ.

ಎಫ್‌ಐಆರ್ ಆದ ಮರುದಿನ ನಮ್ಮ ಬೀದಿಯ ವರ್ತಕರ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಆ ದೃಶ್ಯದ ತುಣುಕು ಹಾಕಿದೆ. ಎಲ್ಲರೂ ಎಚ್ಚರವಾಗಿರಲಿ ಎನ್ನುವುದೇ ಉದ್ದೇಶ. ಮಹಡಿಯ ಕ್ಯಾಮೆರಾದಲ್ಲಿ ಮುಖ ಅಷ್ಟು ಸ್ಪಷ್ಟವಿರಲಿಲ್ಲ. ಹಬ್ಬದ ಹಿಂದಿನ ದಿನ, ನಾಲ್ಕು ಅಂಗಡಿ ಆಚೆ ಗದ್ದಲ ಕೇಳಿಸಿತು. ಓಡಿಹೋದೆ. ಮೂವರು ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಸುತ್ತ ಹದಿನೈದು ಇಪ್ಪತ್ತು ಜನ. ಒಬ್ಬ ಹುಡುಗ ಮೊಬೈಲ್‌ನಲ್ಲಿ ನನ್ನ ತುಣುಕನ್ನೇ ಹಿಡಿದು, ಆ ಹೆಂಗಸರ ಮುಖದ ಪಕ್ಕಕ್ಕೆ ತಂದು ಹೋಲಿಸುತ್ತಿದ್ದ. ಅವರ ಮಾತು ನಮ್ಮ ಕಡೆಯದಲ್ಲ, ಸೀರೆ ಉಟ್ಟ ಬಗೆ ಬೇರೆ, ಒಬ್ಬಳ ಕಂಕುಳಲ್ಲಿ ಮಗು. ಅಷ್ಟೇ ಸಾಕಾಗಿತ್ತು. ಒಬ್ಬಳ ಚೀಲವನ್ನು ಯಾರೋ ಕಿತ್ತುಕೊಂಡು ಬೀದಿಯಲ್ಲೇ ಸುರಿದಿದ್ದರು. ಬಳೆ, ಮಗುವಿನ ಸ್ವೆಟರ್, ಪೇಪರಿನಲ್ಲಿ ಸುತ್ತಿದ ಚಕ್ಕುಲಿ. ನನಗೆ ಗಾದಿಯ ಬಿಳಿ ಹಾಸಿನ ಮೇಲೆ ಬಿದ್ದ ಊಟದ ಡಬ್ಬಿ ಕಣ್ಣಿಗೆ ಕಟ್ಟಿತು.

ಅವರಲ್ಲ ಎಂದು ನಾನು ಕೂಗಿ ಹೇಳಿದೆ. ದೂರುದಾರನೇ ಹೇಳುತ್ತಿದ್ದಾನೆ, ಅವರಲ್ಲ. ನನ್ನ ಹೆಂಡತಿ ಬಂದು ಬಿದ್ದದ್ದನ್ನು ಆರಿಸಿ ಕೊಟ್ಟಳು. ಅವರು ಹತ್ತಿರದ ತಾಂಡಾದವರು, ತಂಗಿಯ ಮದುವೆಗೆ ಸೀರೆ ಕೊಳ್ಳಲು ಬಂದವರು. ನಮ್ಮ ಅಂಗಡಿಗೆ ಕರೆದೆವು, ನೀರು ಕೊಟ್ಟೆವು. ಅವರು ಕೂರಲಿಲ್ಲ. ಹಿರಿಯಳು ಬಾಗಿಲಲ್ಲಿ ನಿಂತು, "ನಾವೂ ದುಡ್ಡು ಕೊಟ್ಟೇ ಕೊಳ್ಳುವವರು ಅಣ್ಣ" ಎಂದು ಹೇಳಿ ಹೋದಳು. ಅಂದೇ ಸಂಜೆ ಆ ತುಣುಕನ್ನು ಗುಂಪಿನಿಂದ ತೆಗೆದೆ. ಕಳ್ಳರ ದೃಶ್ಯ ಹೋಗಬೇಕಾದದ್ದು ತನಿಖೆ ಮಾಡುವವರ ಕೈಗೆ. ವರ್ತಕರ ನಡುವೆ ಹಂಚಿಕೊಳ್ಳಬೇಕಾದದ್ದು ಅವರ ತಂತ್ರವನ್ನು: ಎರಡು ತಂಡವಾಗಿ ಬರುತ್ತಾರೆ, ಊಟದ ಹೊತ್ತಿಗೆ ಬರುತ್ತಾರೆ, ಸೆರಗು ಹರಡುತ್ತಾರೆ, ನೀರು ಕೇಳುತ್ತಾರೆ. ಮುಖ, ಭಾಷೆ, ಉಡುಗೆ ಹೇಳಲು ಹೊರಟರೆ ಒಂದು ಇಡೀ ಸಮುದಾಯವನ್ನೇ ಬಾಗಿಲಲ್ಲಿ ನಿಲ್ಲಿಸಿದಂತಾಗುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಸುದ್ದಿ ಬಂತು. ಸೀರೆಯ ಕಟ್ಟು ಕದ್ದಳೆಂದು ಒಬ್ಬ ಹೆಂಗಸನ್ನು ಅಂಗಡಿಯ ಮಾಲೀಕ ಮತ್ತು ಕೆಲಸದವನು ಹಾಡಹಗಲೇ ರಸ್ತೆಯಲ್ಲಿ ಒದ್ದು ಹೊಡೆದ ವಿಡಿಯೋ ರಾಜ್ಯವೆಲ್ಲ ಹರಿದಾಡಿತು. ಕದ್ದ ಆರೋಪ ಹೊತ್ತವಳ ಮೇಲೆ ಪ್ರಕರಣವಾಯಿತು, ಹೊಡೆದ ಇಬ್ಬರೂ ಬಂಧನಕ್ಕೊಳಗಾದರು. ನಮ್ಮ ಬೀದಿಯಲ್ಲಿ ಬಹಳ ಮಂದಿ, "ನಷ್ಟ ಅನುಭವಿಸಿದವನೇ ಜೈಲಿಗೆ ಹೋಗುವುದಾದರೆ ವ್ಯಾಪಾರ ಹೇಗೆ ಮಾಡುವುದು?" ಎಂದು ಕುದಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ನನ್ನ ಒಂಬತ್ತು ಸೀರೆ ಆಗಿನ್ನೂ ಸಿಕ್ಕಿರಲಿಲ್ಲ. ಆದರೂ ಆ ವಿಡಿಯೋವನ್ನು ಕೊನೆಯವರೆಗೆ ನೋಡಲು ನನ್ನಿಂದ ಆಗಲಿಲ್ಲ. ನಾನು ಎಂಟು ವರ್ಷದವನಾಗಿದ್ದಾಗ ನಮ್ಮ ಬೀದಿಯಲ್ಲಿ ಒಂದು ಪಂಚೆ ಕದ್ದ ಹುಡುಗನನ್ನು ವಿದ್ಯುತ್ ಕಂಬಕ್ಕೆ ಕಟ್ಟಿದ್ದರು. ಅಪ್ಪನೂ ಆ ಗುಂಪಿನಲ್ಲಿದ್ದರು. ಸಂಜೆಯವರೆಗೂ ಬಿಸಿಲಲ್ಲಿ ನಿಂತಿದ್ದ ಆ ಹುಡುಗನ ತುಟಿ ಒಡೆದು ಬಿಳಿಚಿಕೊಂಡದ್ದು ನನಗೆ ಈಗಲೂ ನೆನಪಿದೆ.

ಕಾನೂನು ನಮ್ಮ ಕೈ ಕಟ್ಟಿ ಕೂರಿಸಿಲ್ಲ. ನಮ್ಮ ಕಣ್ಣೆದುರೇ ಜಾಮೀನುರಹಿತ, ಕಾಗ್ನಿಜಬಲ್ ಅಪರಾಧ ಮಾಡಿದವರನ್ನು ಸಾಮಾನ್ಯ ಮನುಷ್ಯನೂ ಹಿಡಿಯಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ಹೇಳುತ್ತದೆ. ಹಿಡಿದ ಮೇಲೆ ಅನಗತ್ಯ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಷ್ಟೇ ನಮ್ಮ ಅಧಿಕಾರ. ಹೊಡೆಯುವುದು, ಕೋಣೆಯಲ್ಲಿ ಕೂಡಿಹಾಕಿ ದುಡ್ಡು ಕಕ್ಕಿಸುವುದು, ಮೈಮುಟ್ಟಿ ತಪಾಸಣೆ ಮಾಡುವುದು ಅದರಲ್ಲಿ ಇಲ್ಲ. ಪೊಲೀಸರಾದರೂ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸಿನಿಂದಲೇ, ಮರ್ಯಾದೆಗೆ ಧಕ್ಕೆಯಾಗದಂತೆ ಮಾಡಿಸಬೇಕು.

ಅಕ್ಟೋಬರಿಗೆ ಮೊದಲು ಅಂಗಡಿಯ ರೂಢಿಯನ್ನೇ ಬದಲಿಸಿದೆವು. ಹೆಚ್ಚಿನ ಸಲಹೆ ಬಂದದ್ದು ಆ ಹುಡುಗಿಯಿಂದ. ನಾನು ಇನ್ನೂ ನಾಲ್ಕು ಕ್ಯಾಮೆರಾ ಹಾಕಿಸೋಣ ಎಂದೆ. "ಕ್ಯಾಮೆರಾ ಆಮೇಲೆ ನೋಡುವುದಕ್ಕೆ ಅಣ್ಣ, ಆಗಲೇ ನೋಡುವುದಕ್ಕೆ ನಾವು ಬೇಕು" ಎಂದಳು. ಮಹಡಿಯಲ್ಲಿ ಯಾವ ಹೊತ್ತಿಗೂ ಇಬ್ಬರಿಗಿಂತ ಕಡಿಮೆ ಇರಬಾರದು, ಊಟಕ್ಕೆ ಒಬ್ಬೊಬ್ಬರೇ ಹೋಗಬೇಕು. ಗಾದಿಯ ಮೇಲೆ ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಸೀರೆ ಬಿಚ್ಚಿರಬಾರದು, ಹನ್ನೊಂದನೆಯದು ಬೇಕೆಂದರೆ ಬೇಡವಾದದ್ದನ್ನು ಮಡಚಿ ಮೇಲಿಟ್ಟು ತೆಗೆಯಬೇಕು. ಇದನ್ನು ಎಲ್ಲ ಗಿರಾಕಿಗಳಿಗೂ ಒಂದೇ ರೀತಿ ಮಾಡಬೇಕು, ಬಟ್ಟೆ ನೋಡಿ ಕೆಲವರಿಗೆ ಮಾತ್ರ ಮಾಡಬಾರದು. ನೀರಿನ ಹೂಜಿ ಗಾದಿಯ ಪಕ್ಕಕ್ಕೇ ಬಂತು. ಸಂಶಯ ಬಂದರೆ ಕೆಳಗೆ ತಿಳಿಸಲು ಒಂದು ಮಾತು ಗೊತ್ತುಮಾಡಿದೆವು: "ಅಕ್ಕ, ಮೈಸೂರಿನ ಪಾರ್ಸೆಲ್ ಬಂತಾ?" ಅದು ಕೇಳಿಸಿದರೆ ಹೆಂಡತಿ ಮೇಲೆ ಬರುತ್ತಾಳೆ, ನಾನು ಬಾಗಿಲ ಬಳಿ ಕೂರುತ್ತೇನೆ, ಹುಡುಗ 112ಕ್ಕೆ ಕರೆ ಮಾಡಲು ಸಿದ್ಧನಿರುತ್ತಾನೆ. ಕಳ್ಳರು ಹೆದರುವುದು ಹೊಡೆತಕ್ಕಲ್ಲ, ಗಮನಕ್ಕೆ. ತಮ್ಮನ್ನು ನೋಡಿದ್ದಾರೆ ಎಂದು ಗೊತ್ತಾದರೆ ಅವರ ಕೆಲಸ ನಡೆಯುವುದಿಲ್ಲ.

ದೀಪಾವಳಿಯ ಹಿಂದಿನ ವಾರ ಆ ಮಾತು ಕೇಳಿಸಿತು. ಆರು ಜನರಿದ್ದರು, ನಡುವಯಸ್ಸಿನ ಒಬ್ಬ ಗಂಡಸು ಬಾಗಿಲ ಹೊರಗೆ ಮೊಬೈಲ್ ಹಿಡಿದು ನಿಂತಿದ್ದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಮುಷ್ಟಿ ಕಟ್ಟಿತ್ತು, ಸುಳ್ಳೇಕೆ ಹೇಳಲಿ. ಹೆಂಡತಿ ಮೇಲೆ ಹೋಗಿ ಗಾದಿಯ ತುದಿಯಲ್ಲಿ ಕೂತು, "ಬನ್ನಿ ಅಮ್ಮ, ಯಾವ ಊರು, ಯಾರ ಮದುವೆ?" ಎಂದು ಮಾತಿಗೆಳೆದಳು. ಆ ಹುಡುಗಿ ಬಿಚ್ಚಿದ ಸೀರೆಗಳನ್ನು ಗಟ್ಟಿಯಾಗಿ ಎಣಿಸುತ್ತಾ ಮಡಚತೊಡಗಿದಳು. ಒಂದು, ಎರಡು, ಮೂರು. ಎಂಟಕ್ಕೆ ನಿಂತು, "ಇನ್ನೂ ಎರಡು ಇರಬೇಕಲ್ಲ ಅಮ್ಮ, ನಿಮ್ಮ ಕಡೆ ಸರಿದಿರಬಹುದು, ನೋಡಿ" ಎಂದಳು. ಕಳ್ಳಿ ಎನ್ನಲಿಲ್ಲ, ಧ್ವನಿ ಏರಿಸಲಿಲ್ಲ. ಅರ್ಧ ನಿಮಿಷ ಯಾರೂ ಮಾತನಾಡಲಿಲ್ಲವಂತೆ. ಆಮೇಲೆ ಒಬ್ಬಳು ಬಾಗಿ, ಗಾದಿಯ ಮಗ್ಗುಲಿನಿಂದ ಎರಡು ಸೀರೆ ಎತ್ತಿ ಕೊಟ್ಟಳು. ಐದು ನಿಮಿಷದಲ್ಲಿ ಆರೂ ಜನ ಇಳಿದು ಹೋದರು. ಹಿಡಿಯಬೇಕಿತ್ತು ಎಂದು ಕೆಲವರು ಹೇಳಿದರು. ಏನೆಂದು ಹಿಡಿಯುವುದು? ಮಾಲು ನಮ್ಮ ಗಾದಿಯ ಮೇಲೇ ಇತ್ತು. ಹೊರಟ ದಿಕ್ಕು, ಬಂದ ವಾಹನದ ನಂಬರು ಬರೆದು ಠಾಣೆಗೆ ಕೊಟ್ಟೆವು, ಹಳೆಯ ಎಫ್‌ಐಆರ್ ಸಂಖ್ಯೆಯನ್ನೂ ಸೇರಿಸಿ.

ನವೆಂಬರ್ ಕೊನೆಯಲ್ಲಿ ಠಾಣೆಯಿಂದ ಕರೆ ಬಂತು. ಪಕ್ಕದ ಜಿಲ್ಲೆಯಲ್ಲಿ ಬೇರೊಂದು ಪ್ರಕರಣದಲ್ಲಿ ಒಂದು ಗುಂಪು ಸಿಕ್ಕಿದೆ, ಬಹಳ ಸೀರೆ ಸಿಕ್ಕಿವೆ, ಬಂದು ಗುರುತಿಸಿ ಎಂದರು. ಮೇಜಿನ ಮೇಲೆ ಸೀರೆಗಳ ರಾಶಿ. ಚೀಟಿ ಒಂದಕ್ಕೂ ಇರಲಿಲ್ಲ, ಎಲ್ಲ ಕಿತ್ತು ಹಾಕಿದ್ದರು. ನಮ್ಮಂತೆಯೇ ಬಂದಿದ್ದ ಇನ್ನೊಬ್ಬ ವರ್ತಕರು ಒಂದು ಸೀರೆಯನ್ನು ಹಿಡಿದು, "ಇದು ನಮ್ಮದೇ ಸರ್, ಬಣ್ಣ ನೋಡಿದರೇ ಗೊತ್ತು" ಎನ್ನುತ್ತಿದ್ದರು, ಆದರೆ ತೋರಿಸಲು ಅವರ ಬಳಿ ಏನೂ ಇರಲಿಲ್ಲ. ನನ್ನ ಹೆಂಡತಿ ಮುಟ್ಟುವ ಮೊದಲೇ ಹೇಳಿದಳು: "ಎಲೆಹಸಿರಿನದರ ಒಳತುದಿ ಬಿಡಿಸಿ ನೋಡಿ ಸರ್, ಮೂಲೆಯಲ್ಲಿ ನಾಲ್ಕು ಅಕ್ಷರ ಇರುತ್ತದೆ." ಮಹಿಳಾ ಪೇದೆಯೊಬ್ಬರು ಬಿಡಿಸಿದರು. ಇತ್ತು. ದೂರಿನಲ್ಲಿ ಬರೆದದ್ದೇ, ಅದೇ ನೀಲಿ ಶಾಯಿ. ಹೀಗೆ ನಾಲ್ಕು ಸೀರೆ ನಮ್ಮವೆಂದು ಸಾಬೀತಾದವು. ಐದು ಸಿಗಲಿಲ್ಲ.

ಸಿಕ್ಕ ಮಾತ್ರಕ್ಕೆ ಮನೆಗೆ ತರಲಾಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಮಾಲಿನ ಬಿಡುಗಡೆಗೆ ಅರ್ಜಿ ಹಾಕಬೇಕು. ಠಾಣೆಯಲ್ಲಿ ಸೊತ್ತನ್ನು ವರ್ಷಗಟ್ಟಲೆ ಕೊಳೆಯಿಸಬಾರದು, ಛಾಯಾಚಿತ್ರ ತೆಗೆದು, ಮಹಜರು ಬರೆದು, ಬಾಂಡ್ ಪಡೆದು ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಕಲಂ ಅದಕ್ಕೆ ದಿನಗಳ ಗಡುವನ್ನೂ ಹಾಕಿದೆ. ಆದರೂ ನಮಗೆ ಸಂಕ್ರಾಂತಿ ಕಳೆಯಿತು. ಬಾಂಡ್ ಬರೆದುಕೊಟ್ಟು, ಜಾಮೀನುದಾರರನ್ನು ಕರೆದುಕೊಂಡು ಹೋಗಿ, ಕರೆದಾಗ ಹಾಜರುಪಡಿಸುತ್ತೇನೆ, ಮಾರುವುದಿಲ್ಲ, ರೂಪ ಬದಲಿಸುವುದಿಲ್ಲ ಎಂದು ಸಹಿ ಹಾಕಿ ನಾಲ್ಕು ಸೀರೆ ತಂದೆವು.

ಜೇನು ಬಣ್ಣದ್ದನ್ನು ಎಲ್ಲಿ ತುರುಕಿದ್ದರೋ, ಮಡಿಕೆಯ ಗೆರೆಯಲ್ಲಿ ಝರಿ ಎರಡು ಕಡೆ ಮುರಿದಿದೆ. ಹೊಗೆಯ ವಾಸನೆ ಇನ್ನೂ ಹೋಗಿಲ್ಲ. ನಾಲ್ಕನ್ನೂ ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತಿ, ಪ್ರಕರಣದ ಸಂಖ್ಯೆ ಬರೆದ ಚೀಟಿ ಕಟ್ಟಿ, ಮಹಡಿಯ ಚಿಕ್ಕ ಬೀರುವಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ವಿಚಾರಣೆ ಮುಗಿಯುವವರೆಗೆ ಅವು ಅಲ್ಲೇ ಇರಬೇಕು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ಬಹಳ ದಿನ ಇಟ್ಟರೆ ಗೆರೆಯಲ್ಲೇ ಸೀಳುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಆ ಹುಡುಗಿ ಬೀರು ತೆಗೆದು, ನಾಲ್ಕನ್ನೂ ಗಾದಿಯ ಮೇಲೆ ಹರಡಿ ಗಾಳಿಯಾಡಿಸಿ, ಹಳೆಯ ಗೆರೆ ತಪ್ಪಿಸಿ ಬೇರೆ ಕಡೆ ಮಡಚಿ ಇಡುತ್ತಾಳೆ. ಆ ಬೀರುವಿನ ಬೀಗದ ಕೈ ಅವಳ ಬಳಿಯೇ ಇದೆ.